ನರಗುಂದದ ಗುಂಡು, 132ನೇ ಕಲಂ

1980ರ ಜುಲೈ 21ರಂದು ನರಗುಂದದಲ್ಲಿ ಪೊಲೀಸರು ಹಾರಿಸಿದ ಗುಂಡಿಗೆ ಚಿಕ್ಕನರಗುಂದದ ರೈತ ವೀರಪ್ಪ ಕಡ್ಲಿಕೊಪ್ಪ ಬಲಿಯಾದರು. ಅದೇ ದಿನ ನವಲಗುಂದದಲ್ಲಿ ಇನ್ನೊಬ್ಬ ರೈತ ಬಿದ್ದ. ಮಲಪ್ರಭಾ ಕಾಲುವೆಯ ನೀರು ಎಷ್ಟೋ ಹೊಲಗಳಿಗೆ ಸರಿಯಾಗಿ ಹರಿದಿರಲಿಲ್ಲ. ನೀರಿನ ಕರ, ಬೆಟರ್‌ಮೆಂಟ್ ಲೆವಿಯ ವಸೂಲಿ ಮಾತ್ರ ಬಿಟ್ಟಿರಲಿಲ್ಲ. ಅದರ ವಿರುದ್ಧವೇ ರೈತರು ಬಂಡೆದ್ದಿದ್ದರು. ಇದೇ ನೆಲದಲ್ಲಿ ಕಂಪನಿ ಸರ್ಕಾರ ಅರಸ ಭಾಸ್ಕರರಾವ್ ಭಾವೆಗೆ ದತ್ತಕದ ಹಕ್ಕು ನಿರಾಕರಿಸಿ, 1858ರಲ್ಲಿ ಆತ ಬಂಡೆದ್ದಾಗ ಹಿಡಿದು ಬೆಳಗಾವಿಯಲ್ಲಿ ಗಲ್ಲಿಗೇರಿಸಿತ್ತು. ಅರಸನ ಬಂಡಾಯ, ರೈತರ ಬಂಡಾಯ ಒಂದೇ ಅಲ್ಲ, ನಿಜ. ಆದರೆ ಅಹವಾಲನ್ನು ಅಪರಾಧವೆಂದೇ ನೋಡುವ ಆಡಳಿತದ ಕಣ್ಣು ಎರಡೂ ಕಾಲದಲ್ಲಿ ಒಂದೇ.

ಜನರೂ ಹಿಂಸೆಗಿಳಿದಿದ್ದರು, ಪೊಲೀಸರೂ ಜೀವ ಕಳೆದುಕೊಂಡರು ಎನ್ನುವವರಿದ್ದಾರೆ. ಅದು ಸುಳ್ಳಲ್ಲ, ಆ ಸಾವುಗಳೂ ಸಾವುಗಳೇ. ನನ್ನ ತಕರಾರು ಕಾನೂನಿನ ಮೇಲೆ. ಗುಂಪು ಚದುರಿಸುವಾಗ ಬಲ ಬಳಸಿದ ಅಧಿಕಾರಿಯ ಮೇಲೆ ಸರ್ಕಾರದ ಅನುಮತಿಯಿಲ್ಲದೆ ಮೊಕದ್ದಮೆ ಹೂಡುವಂತಿಲ್ಲವೆಂದು 1898ರ ದಂಡ ಪ್ರಕ್ರಿಯಾ ಸಂಹಿತೆಯ 132ನೇ ಕಲಂ ಹೇಳಿತ್ತು. ಸ್ವತಂತ್ರ ಭಾರತ 1973ರಲ್ಲಿ ಹೊಸ ಸಂಹಿತೆ ಬರೆದಾಗ ಆ ರಕ್ಷಣೆ ಉಳಿಯಿತು, ಕಲಮಿನ ಸಂಖ್ಯೆ ಕೂಡ ಬದಲಾಗಲಿಲ್ಲ. ಗುಂಡು ಹಾರಿಸಿದ ಸರ್ಕಾರವೇ ವಿಚಾರಣೆಗೆ ಒಪ್ಪಿಗೆ ಕೊಡಬೇಕೆಂದರೆ ಸತ್ತವನ ಮನೆಯವರು ಯಾವ ಬಾಗಿಲು ತಟ್ಟಬೇಕು? ರಕ್ಷಣೆಯಿಲ್ಲದಿದ್ದರೆ ಪೊಲೀಸರು ಕೈಕಟ್ಟಿ ನಿಲ್ಲುತ್ತಾರೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಸದುದ್ದೇಶದಿಂದ ನಡೆದುಕೊಂಡದ್ದನ್ನು ಅಧಿಕಾರಿ ನ್ಯಾಯಾಲಯದಲ್ಲೇ ಸಾಬೀತು ಮಾಡಬಹುದು. ನರಗುಂದದ ರೈತರು ಪ್ರತಿ ಜುಲೈ 21ರಂದು ಹುತಾತ್ಮರ ದಿನ ಆಚರಿಸುತ್ತಾರೆ. ಆದರೆ ಹಳೆಯ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅಧಿಕಾರಿಗಳಿಗಿದ್ದ ಆ ರಕ್ಷಣೆ 151ನೇ ಕಲಮಾಗಿ ಮುಂದುವರಿದಿದೆ.