ಪುಸ್ತಕದ ಬದನೇಕಾಯಿ ಮತ್ತು ಬರ್ಕ್ಲಿಯ ಮೇಷ್ಟ್ರುಗಳು

ಸ್ಯಾನ್ ಫ್ರಾನ್ಸಿಸ್ಕೋದಿಂದ ಬೇ ಬ್ರಿಡ್ಜ್ ದಾಟಿ ಸ್ವಲ್ಪ ಎಡಕ್ಕೆ ಹೋದರೆ ಬರ್ಕ್ಲಿ. ಹೆಸರು ಕೇಳಿದ ಕೂಡಲೇ ನೆನಪಾಗೋದು ಯೂನಿವರ್ಸಿಟಿ, ಇಲ್ಲಾಂದ್ರೆ 1960ರ ದಶಕದ ವಿದ್ಯಾರ್ಥಿ ಚಳವಳಿ. ಅದೇ ದಶಕದ ಕೊನೆಯಲ್ಲಿ ಊರಿನ ಶಾಲೆಗಳಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ಶುರುವಾಯ್ತು.

ಹಿನ್ನೆಲೆ ಇದು: 1964ರ ಜನವರಿಯಲ್ಲಿ ಅಮೆರಿಕದ ಸರ್ಜನ್ ಜನರಲ್ ಲೂಥರ್ ಟೆರಿ, ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟಿನ ಬಗ್ಗೆ ವರದಿ ಹೊರತಂದರು. ಮಕ್ಕಳು ಸೇದೋದು ಕಲಿಯುವ ಮುಂಚೆಯೇ ಅವರಿಗೆ ತಿಳಿಸಬೇಕಿತ್ತು. ಆದರೆ ಬರೀ "ಸೇದಬೇಡ" ಅಂದ್ರೆ ಯಾವ ಮಗು ಕೇಳುತ್ತೆ, ಹೇಳಿ? ಅದಕ್ಕೇ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯವರು ಬರ್ಕ್ಲಿ ಶಾಲೆಗಳ ಜೊತೆ ಸೇರಿ ಬೇರೆ ದಾರಿ ಹುಡುಕಿದರು. ಐದನೇ ಕ್ಲಾಸಿಗೆ ಶ್ವಾಸಕೋಶ, ಆರನೆಯದಕ್ಕೆ ಹೃದಯ, ಏಳನೆಯದಕ್ಕೆ ಮೆದುಳು. ದೇಹ ಎಷ್ಟು ಚೆಂದ ಕೆಲಸ ಮಾಡುತ್ತೆ ಅಂತ ಮಕ್ಕಳೇ ಮಾದರಿ, ಫಿಲ್ಮ್, ಪ್ರಯೋಗಗಳ ಮೂಲಕ ಕಂಡುಕೊಳ್ಳಬೇಕು. ಇದಕ್ಕೆ 'ಬರ್ಕ್ಲಿ ಪ್ರಾಜೆಕ್ಟ್' ಅಂತಲೇ ಹೆಸರು ಬಿತ್ತು.

ಈಗ ಇದನ್ನು ಬೇರೆ ಊರುಗಳಿಗೆ ಮುಟ್ಟಿಸೋದು ಹೇಗೆ? ಪೆಟ್ಟಿಗೆ ಕಟ್ಟಿ ಪೋಸ್ಟಿಗೆ ಹಾಕಿದ್ರೆ ಅದು ಶಾಲೆಯ ಬೀರುವಿನಲ್ಲಿ ಧೂಳು ಹಿಡಿಯುತ್ತೆ. ಪುಸ್ತಕದ ಬದನೇಕಾಯಿ ಸಾಂಬಾರಿಗೆ ಆಗಲ್ಲ ಅಲ್ವಾ? ಹಾಗಾಗಿ ಪ್ರತಿ ಶಾಲೆಯಿಂದ ಒಂದು ತಂಡವನ್ನೇ ಕರೆದರು: ಇಬ್ಬರು ಕ್ಲಾಸ್ ಟೀಚರ್, ಪ್ರಿನ್ಸಿಪಾಲ್, ಜೊತೆಗೆ ಸಹಾಯಕ್ಕೆ ಒಬ್ಬಿಬ್ಬರು. ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನೆಲ್ಲ ಮೊದಲು ಇವರೇ ಮಾಡಬೇಕು. ಊರಿಗೆ ವಾಪಸ್ ಹೋದಮೇಲೆ ಉಳಿದ ಟೀಚರುಗಳಿಗೆ ಕಲಿಸಬೇಕು. ಪ್ರಿನ್ಸಿಪಾಲ್ ಯಾಕೆ ಅಂದ್ರೆ, ಟೈಮ್‌ಟೇಬಲ್ಲೂ ದುಡ್ಡೂ ಅವರ ಕೈಯಲ್ಲಿ!

ಮುಂದೆ 'ಗ್ರೋಯಿಂಗ್ ಹೆಲ್ದಿ' ಎಂಬ ಹೆಸರಿನಲ್ಲಿ ಈ ಪಾಠ ದೇಶವೆಲ್ಲ ಹರಡಿತು. 1985ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯ್ತು. ಈ ಪಾಠವೂ ಸೇರಿ ನಾಲ್ಕು ಕಾರ್ಯಕ್ರಮಗಳನ್ನು 20 ರಾಜ್ಯಗಳ ಸುಮಾರು 30,000 ಮಕ್ಕಳಲ್ಲಿ ಪರೀಕ್ಷಿಸಿದ್ದರು. ತರಬೇತಿ ಚೆನ್ನಾಗಿ ಆಗಿದ್ದ ಟೀಚರುಗಳು ಪಾಠವನ್ನು ಪೂರ್ತಿಯಾಗಿ ಮಾಡಿದ್ದರು, ಅವರ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು. ತಿಳಿವಳಿಕೆ ಬೇಗ ಬರುತ್ತೆ. ಅಭ್ಯಾಸ ಬದಲಾಗೋಕೆ ತುಂಬಾ ಗಂಟೆಗಳ ಪಾಠ ಬೇಕು ಅನ್ನೋದೂ ತಿಳಿಯಿತು.

ಇಲ್ಲೇ ಇರೋದು ಕಷ್ಟ. ಖರ್ಚು ಉಳಿಸೋಕೆ ಎಲ್ಲರೂ ಮೊದಲು ಕತ್ತರಿ ಹಾಕೋದು ತರಬೇತಿಯ ದಿನಗಳಿಗೇ. ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತಾ ಪಾಠ ನೀರು ಬೆರೆಸಿದ ಮಜ್ಜಿಗೆಯ ಹಾಗೆ ತೆಳ್ಳಗಾಗುತ್ತೆ.

ಇದು ಊರಿನಲ್ಲಿರೋ ನಮ್ಮವರ ಪ್ರಶ್ನೆಯೂ ಹೌದು. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಜೀವನ ಕೌಶಲ ಶಿಕ್ಷಣದಲ್ಲೂ ಪಾಠ ಮಾಡೋರು ಡಾಕ್ಟರುಗಳಲ್ಲ, ತರಬೇತಿ ಪಡೆದ ಶಾಲೆಯ ಮೇಷ್ಟ್ರುಗಳೇ. 2020ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ಆರಿಸಿ ಅಂತ ಹೇಳುತ್ತೆ. ಬರ್ಕ್ಲಿಯಲ್ಲೂ ಇಬ್ಬರು, ಇಲ್ಲೂ ಇಬ್ಬರು!

ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಜಾರಿಯಲ್ಲಿರುವ ಹೆಲ್ದಿ ಯೂತ್ ಆಕ್ಟ್ ಪ್ರಕಾರ ಲೈಂಗಿಕ ಆರೋಗ್ಯದ ಪಾಠ ಮಾಡುವವರಿಗೆ ತರಬೇತಿ ಆಗಿರಲೇಬೇಕು. ಪಾಠದ ಸಾಮಗ್ರಿಯನ್ನು ಅಪ್ಪ ಅಮ್ಮ ನೋಡಬಹುದು. ನಮ್ಮಲ್ಲಿ ಬಹಳ ಜನ ಪುಸ್ತಕ ನೋಡಿ ಸುಮ್ಮನಾಗ್ತೀವಿ. "ನಿಮಗೆ ಇದನ್ನು ಕಲಿಸಿದವರು ಯಾರು, ಎಷ್ಟು ದಿನ ಕಲಿಸಿದ್ರು?" ಅಂತ ಟೀಚರನ್ನೂ ಕೇಳಿ ನೋಡಿ.