ಬೇರು ಕರಗಿದ ಹಲ್ಲು

ನಾನು ಪ್ರೌಢಶಾಲೆಯಲ್ಲಿದ್ದಾಗ ನಡೆದ ಸಂಗತಿ. ಚಿನ್ನಿದಾಂಡು ಆಡುತ್ತಿದ್ದಾಗ ಹಾರಿಬಂದ ಚಿನ್ನಿ ನನ್ನ ತಮ್ಮನ ಬಾಯಿಗೆ ಬಡಿದು, ಮುಂಬಲ್ಲೊಂದು ಬೇರುಸಹಿತ ಮಣ್ಣಿಗೆ ಬಿತ್ತು. ಅಜ್ಜಿ ಅದನ್ನು ಹೆಕ್ಕಿ, ಬೂದಿ ಹಾಕಿ ತಿಕ್ಕಿ ತೊಳೆದು, ಒರೆಸಿ, ಮಡಿಬಟ್ಟೆಯಲ್ಲಿ ಸುತ್ತಿಕೊಟ್ಟರು. ಬಸ್ಸು ಹಿಡಿದು ಪಟ್ಟಣದ ದಂತವೈದ್ಯರನ್ನು ಮುಟ್ಟುವ ವೇಳೆಗೆ ಎರಡು ಗಂಟೆ ಕಳೆದಿತ್ತು. ಅವರು ಹಲ್ಲನ್ನು ಅದರ ಗೂಡಿನಲ್ಲಿ ನೆಟ್ಟು, ಪಕ್ಕದ ಹಲ್ಲುಗಳಿಗೆ ತಂತಿಯಿಂದ ಬಿಗಿದರು. ಹಲ್ಲು ನಿಂತಿತು, ನೋಡಿದವರೆಲ್ಲ ಬೆರಗಾದರು. ಐದು ವರ್ಷಗಳ ತರುವಾಯ ಒಂದು ಬೆಳಿಗ್ಗೆ ರೊಟ್ಟಿ ಕಚ್ಚುವಾಗ ಅದು ಮುರಿದು ಕೈಗೆ ಬಂದಿತು. ನೋಡಿದರೆ ಬೇರೇ ಇಲ್ಲ! ಆ ಬೇರನ್ನು ತಿಂದವರು ಯಾರು? ಈ ಪ್ರಶ್ನೆಯೇ ನನ್ನನ್ನು ಇತಿಹಾಸದ ಪುಟಗಳಿಗೆ ಕರೆದೊಯ್ದಿತು.

ಬಿದ್ದ ಹಲ್ಲನ್ನು ಮತ್ತೆ ನೆಡುವ ಸಾಹಸ ಹಳೆಯದು. ಸುಮಾರು 1000 ವರ್ಷಗಳ ಹಿಂದೆ ಸ್ಪೇನಿನ ಕಾರ್ಡೋಬಾ ಸೀಮೆಯಲ್ಲಿದ್ದ ಅಲ್ ಜಹ್ರಾವಿ ಎಂಬ ಶಸ್ತ್ರವೈದ್ಯ, ಹಲ್ಲನ್ನು ಮರಳಿ ಕೂರಿಸಿ ಚಿನ್ನದ ತಂತಿಯಿಂದ ಕಟ್ಟುವ ಕ್ರಮವನ್ನು ಬರೆದಿಟ್ಟ. ಫ್ರಾನ್ಸಿನ ಪಿಯೆರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ ಇದೇ ವಿಷಯವನ್ನು ಚರ್ಚಿಸಿದ. ಲಂಡನ್ನಿನ ಜಾನ್ ಹಂಟರ್ ಮನುಷ್ಯನ ಹಲ್ಲನ್ನು ಹುಂಜದ ಜುಟ್ಟಿನಲ್ಲಿ ನೆಟ್ಟು ಪ್ರಯೋಗ ಮಾಡಿದ. 1778ರಲ್ಲಿ ಬರೆದಾಗ ಆತನಿಗೆ ತೋರಿದ ಒಂದು ಉಪಾಯವೆಂದರೆ, ಕೊಳೆ ಮತ್ತು ರೋಗ ಕಳೆಯಲೆಂದು ನೆಡುವ ಮುನ್ನ ಹಲ್ಲನ್ನು ಕುದಿಸುವುದು. ಇದನ್ನು ಓದಿದಾಗ ನನಗೆ ಅಜ್ಜಿಯ ಬೂದಿ ನೆನಪಾಯಿತು. ಆ ಮಹಾಪಂಡಿತನೂ ನಮ್ಮ ಅಜ್ಜಿಯೂ ನಂಬಿದ್ದು ಒಂದನ್ನೇ: ಹಲ್ಲನ್ನು ಶುಚಿಮಾಡಿದಷ್ಟೂ ಒಳ್ಳೆಯದು.

ಆದರೆ ಹಲ್ಲು ಜಡವಸ್ತುವಲ್ಲ. ಬೇರಿಗೂ ದವಡೆಯ ಮೂಳೆಗೂ ನಡುವೆ ಮಿಲಿಮೀಟರಿನ ಐದರಲ್ಲೊಂದು ಭಾಗದಷ್ಟು ದಪ್ಪದ ಪದರವೊಂದುಂಟು. ಹಲ್ಲು ಕಿತ್ತು ಬಂದಾಗ ಅದರ ಅರ್ಧ ಬೇರಿಗಂಟಿಯೇ ಬರುತ್ತದೆ. ಅದರ ಜೀವಕೋಶಗಳು ಒಣಗಿ ಸತ್ತರೆ, ಮೂಳೆಯನ್ನು ಸದಾ ಕರಗಿಸಿ ಕಟ್ಟುತ್ತಿರುವ ದೇಹ ಬೇರನ್ನೂ ಮೂಳೆಯೆಂದೇ ಭಾವಿಸಿ ತಿನ್ನತೊಡಗುತ್ತದೆ. ಜತೆಗೆ, ಸತ್ತ ಹಲ್ಲಿನೊಳಗಣ ತಿರುಳು ಕೊಳೆತು ಕ್ರಿಮಿಗಳ ವಿಷ ಹೊರಗೆ ಜಿನುಗಿದರೆ ಆ ನಾಶ ಇನ್ನೂ ವೇಗವಾಗುತ್ತದೆ. ತಮ್ಮನ ಹಲ್ಲನ್ನು ತಿಂದದ್ದು ತಮ್ಮನ ದೇಹವೇ.

ಡೆನ್ಮಾರ್ಕಿನ ಆಂಡ್ರೆಯಾಸೆನ್ ಮತ್ತು ಅವರ ಸಹೋದ್ಯೋಗಿ 1966ರಲ್ಲಿ ಮರುನೆಟ್ಟ 110 ಹಲ್ಲುಗಳ ಲೆಕ್ಕ ಕೊಟ್ಟರು. 30 ನಿಮಿಷದೊಳಗೆ ನೆಟ್ಟವುಗಳಲ್ಲಿ ನೂರಕ್ಕೆ 90ರಷ್ಟು ಕರಗಲಿಲ್ಲ. ಎರಡು ಗಂಟೆ ಮೀರಿದವುಗಳಲ್ಲಿ ನೂರಕ್ಕೆ 95ರಷ್ಟು ಕರಗಿದವು. ತಡವಾದ ಹಲ್ಲನ್ನು ಔಷಧದಿಂದ ಉಳಿಸಬಹುದೆ? ವಿಜ್ಞಾನಿಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೇರು ಗಟ್ಟಿಯಾಗಲೆಂದು ಫ್ಲೋರೈಡ್ ದ್ರಾವಣದಲ್ಲಿ ನೆನೆಸಿದರು. 1920ರಲ್ಲಿ ಹರ್ಮನ್ ಬಳಕೆಗೆ ತಂದಿದ್ದ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಸ್ವೀಡನ್ನಿನ ಸ್ವೆಕ್ 1973ರ ಸುಮಾರಿಗೆ ಹಲ್ಲಿನೊಳಗೆ ತುಂಬಿ, ಕ್ರಿಮಿಗಳಿಂದಾಗುವ ಕರಗುವಿಕೆಯನ್ನು ತಡೆದರು. ಅವರ ತಂಡವೇ 1990ರಲ್ಲಿ ಕೋತಿಗಳ ಹಲ್ಲುಗಳನ್ನು ಡಾಕ್ಸಿಸೈಕ್ಲಿನ್‌ನಲ್ಲಿ ಐದು ನಿಮಿಷ ನೆನೆಸಿ ನೆಟ್ಟು, ತಿರುಳಿಗೆ ರಕ್ತ ಮರಳುವುದು ಹೆಚ್ಚಿತೆಂದು ಕಂಡಿತು. ಟೆಟ್ರಾಸೈಕ್ಲಿನ್ ಕುಲದ ಈ ಔಷಧ ಕ್ರಿಮಿಗಳನ್ನಷ್ಟೇ ಅಲ್ಲ, ಮೂಳೆ ತಿನ್ನುವ ಕೋಶಗಳನ್ನೂ ತಡೆಯಬಲ್ಲುದು. ಆದರೆ ಬೆಳೆಯುವ ಮಕ್ಕಳ ಹಲ್ಲಿಗೆ ಬಣ್ಣ ಹಿಡಿಸೀತೆಂಬ ಭಯವೂ ಉಂಟು. ಅದರ ಒಂದು ಬಗೆಯೊಡನೆ ಸ್ಟೀರಾಯ್ಡ್ ಬೆರೆಸಿದ ಲೆಡರ್‌ಮಿಕ್ಸ್ ಎಂಬ ಲೇಪವೂ ಪ್ರಾಣಿಗಳಲ್ಲಿ ಒಳ್ಳೆಯ ಫಲ ಕೊಟ್ಟಿತು. 2001ರಲ್ಲಿ, ಮೂಳೆಸವೆತಕ್ಕೆ ಕೊಡುವ ಅಲೆಂಡ್ರೊನೇಟನ್ನು ನಾಯಿಗಳ ಒಣಗಿದ ಹಲ್ಲುಗಳ ಮೇಲೆ ಪರೀಕ್ಷಿಸಿದರು. ಎಮ್‌ಡೊಗೈನ್ ಎಂಬ ಪ್ರೋಟೀನು ಬಹಳ ಆಸೆ ಹುಟ್ಟಿಸಿತ್ತು. ಅದು ರೋಗಿಗಳಲ್ಲಿ ಕರಗುವಿಕೆಯನ್ನು ತಡೆಯಲಿಲ್ಲವೆಂದು 2005ರ ವರದಿಯೊಂದು ಹೇಳಿತು. ಕ್ರಿಮಿಗಳ ಹಾವಳಿಯನ್ನು ಔಷಧ ಗೆದ್ದಿದೆ. ಪೂರ್ತಿ ಸತ್ತ ಪದರವನ್ನು ಬದುಕಿಸಲು ಮಾತ್ರ ಯಾವುದೂ ಶಕ್ತವಾಗಿಲ್ಲ.

ಅಷ್ಟೆಲ್ಲ ಔಷಧಗಳ ನಡುವೆ ಅತ್ಯಂತ ಉಪಕಾರಿಯಾಗಿ ಕಂಡದ್ದು ಹಾಲು ಎಂದರೆ ಆಶ್ಚರ್ಯವಾಗಬಹುದು. ಸ್ವೀಡನ್ನಿನ ಬ್ಲೋಮ್‌ಲೋಫ್ 1980ರ ಸುಮಾರಿಗೆ ತೋರಿಸಿದಂತೆ, ತಣ್ಣನೆಯ ಹಾಲಿನಲ್ಲಿ ಆ ಕೋಶಗಳು ಕೆಲವು ಗಂಟೆ ಬದುಕಿರುತ್ತವೆ. 2020ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಾರವೂ ಸರಳ: ಬೇರನ್ನು ಮುಟ್ಟಬೇಡಿ, ತಲೆಯ ಭಾಗ ಹಿಡಿಯಿರಿ, ಕೊಳೆಯಾಗಿದ್ದರೆ ಮೆಲ್ಲನೆ ತೊಳೆದು ಅಲ್ಲಿಯೇ ಗೂಡಿನಲ್ಲಿ ಕೂರಿಸಿ, ಆಗದಿದ್ದರೆ ಹಾಲಿನಲ್ಲಿಟ್ಟು ವೈದ್ಯರಲ್ಲಿಗೆ ಧಾವಿಸಿ. ಇದು ಶಾಶ್ವತ ಹಲ್ಲಿನ ಮಾತು. ಹಾಲುಹಲ್ಲನ್ನು ಮತ್ತೆ ನೆಡಬಾರದು. ಅದನ್ನು ವಾಡಿಕೆಯಂತೆ ಹೆಂಚಿನ ಮೇಲೆ ಎಸೆಯಬಹುದು.

ಅಜ್ಜಿ ಈಗಿಲ್ಲ. ತನ್ನ ಕೈಯಿಂದಲೇ ಮೊಮ್ಮಗನ ಹಲ್ಲು ಹೋಯಿತೆಂದು ಆಕೆಗೆ ತಿಳಿಯಲಿಲ್ಲವಲ್ಲ ಎಂದು ನನಗೆ ಸಮಾಧಾನ. ಆದರೂ ಒಂದು ನೆನಪು ಕಾಡುತ್ತದೆ. ಆಕೆ ಹಲ್ಲು ತಿಕ್ಕುತ್ತ ಕುಳಿತಿದ್ದ ಅಡುಗೆಮನೆಯಲ್ಲಿ, ಆಕೆಯ ತಲೆಯ ಮೇಲೆಯೇ, ನೆಲುವಿನಲ್ಲಿ ಒಂದು ಚೆಂಬು ಹಾಲು ತಣ್ಣಗೆ ತೂಗುತ್ತಿತ್ತು.