ಗುರುತಿನವರು

ಕಳೆದ ವರ್ಷ ಮೊಮ್ಮಗಳನ್ನು ಶಿಶುವಿಹಾರವೊಂದಕ್ಕೆ ಸೇರಿಸಲು ಹೋಗಿದ್ದೆ. ಅಲ್ಲಿನ ಆಯಾಗಳ ಪೂರ್ವಾಪರವನ್ನು ಯಾರಾದರೂ ವಿಚಾರಿಸಿದ್ದಾರೆಯೇ ಎಂದು ಕೇಳಿದೆ. ಮುಖ್ಯಸ್ಥೆ ನಕ್ಕು, "ಎಲ್ಲರೂ ಗುರುತಿನವರೇ" ಎಂದರು. ಆ ಮಾತು ಕೇಳಿದೊಡನೆ ನನಗೆ ಇಂಗ್ಲೆಂಡಿನ ಇತಿಹಾಸದ ಒಂದು ಕಹಿ ಅಧ್ಯಾಯ ನೆನಪಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದ ಅವಿವಾಹಿತ ತಾಯಂದಿರ ಪಾಡು ಹೇಳತೀರದು. ಕೂಸನ್ನು ಕಂಕುಳಲ್ಲಿಟ್ಟುಕೊಂಡವಳಿಗೆ ಕೆಲಸ ಕೊಡುವವರಿಲ್ಲ. ಆದ್ದರಿಂದ ಪತ್ರಿಕೆಯ ಜಾಹೀರಾತು ನೋಡಿ, ಹಣ ಕೊಟ್ಟು, ಕೂಸನ್ನು ಪರರ ಮನೆಯಲ್ಲಿ ಬಿಡುತ್ತಿದ್ದರು. ಇಡೀ ಹಣವನ್ನು ಒಮ್ಮೆಗೇ ಪಡೆದವರಿಗೆ ಮಗು ಬದುಕಿದಷ್ಟು ದಿನವೂ ನಷ್ಟ, ಸತ್ತರೆ ಲಾಭ. ಈ ಘೋರ ವ್ಯಾಪಾರ ನಡೆಸಿದ ಮಾರ್ಗರೆಟ್ ವಾಟರ್ಸ್ ಎಂಬಾಕೆ ೧೮೭೦ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದಳು.

ಆಗ ಸರಕಾರ ಎಚ್ಚೆತ್ತಿತು. ೧೮೭೨ರಲ್ಲಿ ಶಿಶುಗಳ ಪ್ರಾಣರಕ್ಷಣೆಗೆಂದು ಒಂದು ಶಾಸನವಾಯಿತು. ಒಂದು ವರ್ಷದೊಳಗಿನ ಇಬ್ಬರು ಅಥವಾ ಹೆಚ್ಚು ಕೂಸುಗಳನ್ನು ಹಣಕ್ಕಾಗಿ ಸಾಕುವವರು ಮನೆಯನ್ನು ನೋಂದಾಯಿಸಬೇಕು. ತಮ್ಮ ನಡತೆಯ ಬಗ್ಗೆ ಪ್ರಮಾಣಪತ್ರ ತರಬೇಕು. ಆದರೆ ಒಂದೇ ಕೂಸನ್ನು ಇಟ್ಟುಕೊಂಡವರನ್ನು ಕಾನೂನು ಕೇಳುವಂತಿರಲಿಲ್ಲ.

ಅಮೀಲಿಯಾ ಡೈಯರ್ ಎಂಬಾಕೆಗೆ ಮಕ್ಕಳ ನಿರ್ಲಕ್ಷ್ಯಕ್ಕಾಗಿ ೧೮೭೯ರಲ್ಲಿಯೇ ಆರು ತಿಂಗಳ ಕಠಿಣ ಶಿಕ್ಷೆಯಾಗಿತ್ತು. ಊರು ಬದಲಿಸಿ, ಹೆಸರು ಬದಲಿಸಿ ಆಕೆ ಅದೇ ಕಸುಬನ್ನು ಮುಂದುವರಿಸಿದಳು. ಹಳೆಯ ಶಿಕ್ಷೆ ಹೊಸ ಹೆಸರನ್ನು ಹಿಂಬಾಲಿಸಲಿಲ್ಲ. ೧೮೯೬ರ ಮಾರ್ಚಿಯಲ್ಲಿ ರೆಡಿಂಗ್ ಬಳಿ ಥೇಮ್ಸ್ ನದಿಯಲ್ಲಿ ಹಸುಳೆಯ ಶವವಿದ್ದ ಗಂಟೊಂದು ಸಿಕ್ಕಿತು. ಸುತ್ತಿದ ಕಾಗದದ ಮೇಲಿನ ಮಸುಕಾದ ವಿಳಾಸ ಪೊಲೀಸರನ್ನು ಅವಳ ಬಾಗಿಲಿಗೆ ಒಯ್ದಿತು. ಜೂನ್ ೧೦ರಂದು ಅವಳಿಗೆ ಗಲ್ಲಾಯಿತು. ಮರುವರ್ಷ ಕಾನೂನು ಬಿಗಿಯಾಯಿತು. ಆದರೂ ಒಂಟಿ ಕೂಸು ಅದರ ರಕ್ಷಣೆಗೆ ಬಂದದ್ದು ೧೯೦೮ರಲ್ಲಿ. ಒಂದು ಕೂಸೂ ಕೂಸೇ ಎಂದು ಒಪ್ಪಲು ಕಾನೂನಿಗೆ ೩೬ ವರ್ಷ ಹಿಡಿಯಿತು!

ಇದು ಹಳೆಯ ಕಾಲದ ಮಾತೆನ್ನುವಿರಾ? ೨೦೦೨ರ ಆಗಸ್ಟಿನಲ್ಲಿ ಅದೇ ದೇಶದ ಸೋಹಮ್ ಎಂಬ ಊರಿನಲ್ಲಿ ಹತ್ತು ವರ್ಷದ ಇಬ್ಬರು ಬಾಲಕಿಯರ ಕೊಲೆಯಾಯಿತು. ಕೊಂದವನು ಶಾಲೆಯೊಂದರ ಕಟ್ಟಡ ನೋಡಿಕೊಳ್ಳುತ್ತಿದ್ದ ನೌಕರ. ಬೇರೊಂದು ಪ್ರಾಂತದ ಪೊಲೀಸರಲ್ಲಿ ಅವನ ಮೇಲೆ ಹಲವು ದೂರುಗಳು ಬಂದಿದ್ದವು. ಅವನೂ ಇನ್ನೊಂದು ಹೆಸರು ಇಟ್ಟುಕೊಂಡಿದ್ದ. ಕೆಲಸಕ್ಕೆ ಸೇರುವಾಗ ತಪಾಸಣೆಯೇನೋ ನಡೆದಿತ್ತು; ಆ ದೂರುಗಳು ಮಾತ್ರ ಶಾಲೆಯನ್ನು ತಲುಪಲಿಲ್ಲ. ಸರ್ ಮೈಕೇಲ್ ಬಿಚರ್ಡ್ ಅವರ ವಿಚಾರಣಾ ವರದಿ ೨೦೦೪ರಲ್ಲಿ ಬಂತು. ಹೊಸ ಶಾಸನ ೨೦೦೬ರಲ್ಲಿ.

ಈ ನೂರಮೂವತ್ತು ವರ್ಷಗಳಲ್ಲಿ ನನಗೆ ಕಾಣುವುದು ಒಂದೇ ಸತ್ಯ. ಕೇಡಿಗ ಊರು ಬಿಟ್ಟು ಊರಿಗೆ ಹೋಗುತ್ತಾನೆ. ಅವನ ವೃತ್ತಾಂತವೂ ಜೊತೆಗೆ ಹೋಗದಿದ್ದರೆ ದಾಖಲೆ ಬರಿಯ ಕಾಗದ.

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ನಮ್ಮ ಕಾಯಿದೆಯ ೨೦೨೦ರ ನಿಯಮಗಳಂತೆ, ಮಕ್ಕಳೊಡನೆ ವ್ಯವಹರಿಸುವ ಸಂಸ್ಥೆಗಳು ಸಿಬ್ಬಂದಿಯನ್ನು ಕಾಲಕಾಲಕ್ಕೆ ಪೊಲೀಸರಿಂದ ಪರಿಶೀಲಿಸಬೇಕು. ಇದನ್ನು ಹೇಳಿದಾಗ ಮುಖ್ಯಸ್ಥೆ ನಗಲಿಲ್ಲ, ಕಡತ ತರಿಸಿದರು. ಐವರು ಆಯಾಗಳಲ್ಲಿ ಇಬ್ಬರ ಹಾಳೆ ಖಾಲಿಯಿತ್ತು. ಅವರು ತಪ್ಪಿತಸ್ಥರೆಂದು ನಾನು ಹೇಳಲಾರೆ. ಅವರು ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ. ಮೊಮ್ಮಗಳ ಕೈಹಿಡಿದು ಮನೆಗೆ ಬಂದೆ.